ಹೌಸ್ ಇನ್ನೂ ಕುಣಿಸುತ್ತಿದೆ, ಬಿಗ್ ಬೀಟ್ ಎಲ್ಲಿ ಹೋಯಿತು?

1982ರಲ್ಲಿ ಮುಂಬೈಯ ಚರಣ್‌ಜಿತ್ ಸಿಂಗ್ ಒಂದು ರೆಕಾರ್ಡ್ ಹೊರತಂದರು. ಹಿಂದಿ ಸಿನಿಮಾ ಹಾಡುಗಳಿಗೆ ವಾದ್ಯ ನುಡಿಸುತ್ತಿದ್ದವರು ಅವರು. ಆಗಷ್ಟೇ ಬಂದಿದ್ದ ರೋಲ್ಯಾಂಡ್ ಕಂಪನಿಯ ಮೂರು ಯಂತ್ರಗಳನ್ನು ಜೋಡಿಸಿಕೊಂಡರು: ಟಿಆರ್-808 ಡ್ರಮ್ ಯಂತ್ರ, ಟಿಬಿ-303 ಬೇಸ್ ಯಂತ್ರ, ಜುಪಿಟರ್-8 ಸಿಂಥಸೈಜರ್. ಅವುಗಳ ಮೇಲೆ ಭೈರವ್, ಯಮನ್, ಮಾಲ್‌ಕೌಂಸ್ ಅಂತ ಹತ್ತು ರಾಗ ನುಡಿಸಿದರು. ತಾಳ ಮಾತ್ರ ಡಿಸ್ಕೊದ್ದು. ಇವತ್ತು ಅದನ್ನು ಹೆಸರು ಹೇಳದೆ ಯಾರಿಗಾದರೂ ಕೇಳಿಸಿದರೆ 'ಆ್ಯಸಿಡ್ ಹೌಸ್ ಅಲ್ವಾ?' ಅನ್ನುತ್ತಾರೆ. ಆದರೆ ಆ್ಯಸಿಡ್ ಹೌಸ್ ಎಂಬ ಆ ಕುಣಿತದ ಸಂಗೀತ ಬರಲು ಇನ್ನೂ ಐದು ವರ್ಷ ಬಾಕಿ ಇತ್ತು. ರೆಕಾರ್ಡ್ ಓಡಲಿಲ್ಲ. ಅದರ ಜಾಡು ಹಿಡಿದು ಇನ್ನೊಬ್ಬರು ಇನ್ನೊಂದು ಮಾಡಲೂ ಇಲ್ಲ. 2010ರಲ್ಲಿ ಅದು ಮತ್ತೆ ಅಚ್ಚಾದಾಗ ಕೇಳಿದವರೆಲ್ಲ ಬೆಚ್ಚಿಬಿದ್ದರು.

ಎಂಬತ್ತರ ದಶಕದ ನಡುವಿಗೆ ಬನ್ನಿ. ಊರು ಷಿಕಾಗೋ. ಫ್ಯೂಚರ್ ಎಂಬ ಮೂವರ ತಂಡದ ಕೈಯಲ್ಲೂ ಅದೇ ಟಿಬಿ-303 ಇತ್ತು. ಬೇಸ್ ಗಿಟಾರ್ ನುಡಿಸುವವರು ಸಿಗದಿದ್ದಾಗ ಬಳಸಲಿ ಅಂತ ತಯಾರಾದ ಯಂತ್ರ ಅದು. ಬೇಸ್ ಗಿಟಾರಿನ ಹಾಗೆ ಒಂಚೂರೂ ಕೇಳುತ್ತಿರಲಿಲ್ಲ. ಹಾಗಾಗಿ 1984ರಲ್ಲೇ ಕಂಪನಿ ಅದನ್ನು ಮಾಡುವುದು ನಿಲ್ಲಿಸಿತ್ತು. ಸೆಕೆಂಡ್ ಹ್ಯಾಂಡ್ ಮಾಲಾಗಿ ಅಗ್ಗಕ್ಕೆ ಸಿಗುತ್ತಿತ್ತು. ಈ ಮೂವರು ಅದರ ಗುಂಡಿಗಳನ್ನು ಸುಮ್ನೆ ತಿರುಗಿಸುತ್ತಾ ಹೋದಾಗ ಕೀಚಲು, ಕುದಿಯುವಂಥ ಒಂದು ಸದ್ದು ಬಂತು. ಅದನ್ನು ಟೇಪಿಗೆ ಹಾಕಿ ಮ್ಯೂಸಿಕ್ ಬಾಕ್ಸ್ ಎಂಬ ಕ್ಲಬ್ಬಿನ ಡಿಜೆ ರಾನ್ ಹಾರ್ಡಿಗೆ ಕೊಟ್ಟರು. ಹಾರ್ಡಿ ಮೊದಲ ಸಲ ಹಾಕಿದಾಗ ಕುಣಿಯುತ್ತಿದ್ದವರೆಲ್ಲ ಆಚೆ ಸರಿದರಂತೆ. ಅವತ್ತೇ ರಾತ್ರಿ ಮತ್ತೆ ಹಾಕಿದರು, ಮತ್ತೆ ಹಾಕಿದರು. ನಾಲ್ಕನೇ ಸಲಕ್ಕೆ ಜನ ಹುಚ್ಚೆದ್ದು ಕುಣಿದರು. ಅಲ್ಲಿದ್ದವರು ಇವತ್ತಿಗೂ ಹೇಳುವ ಕತೆ ಇದು. ಆ ಟೇಪೇ ಮುಂದೆ 1987ರಲ್ಲಿ 'ಆ್ಯಸಿಡ್ ಟ್ರ್ಯಾಕ್ಸ್' ಆಗಿ ಹೊರಬಂತು. ಒಂದು ಪ್ರಕಾರ ಹುಟ್ಟಿತು.

ಯಂತ್ರ ಒಂದೇ. ಸದ್ದೂ ಹೆಚ್ಚುಕಡಿಮೆ ಒಂದೇ. ಷಿಕಾಗೋದಲ್ಲಿ ಇದ್ದು ಮುಂಬೈಯಲ್ಲಿ ಇಲ್ಲದ್ದು ಏನು? ಒಂದೇ ರಾತ್ರಿ ಒಂದೇ ಹಾಡನ್ನು ನಾಲ್ಕು ಸಲ ಹಾಕುವ ಹಟಮಾರಿ ಡಿಜೆ. ನಾಲ್ಕನೇ ಸಲಕ್ಕೂ ಅಲ್ಲೇ ಇದ್ದ ಜನ. ವಾರ ವಾರ ಅದೇ ಜಾಗಕ್ಕೆ ಬರುವ ಜನ.

ಕೆಲವು ಎಲೆಕ್ಟ್ರಾನಿಕ್ ಪ್ರಕಾರಗಳು ನಲವತ್ತು ವರ್ಷ ಬಾಳಿ, ಕೆಲವು ನಾಲ್ಕೇ ವರ್ಷಕ್ಕೆ ಮುಗಿಯುವುದು ಯಾಕೆ ಅಂತ ಕೇಳಿದರೆ 'ಒಳ್ಳೆಯದು ಉಳಿಯುತ್ತೆ ಬಿಡಿ' ಎಂಬ ಉತ್ತರ ಸಲೀಸಾಗಿ ಬರುತ್ತದೆ. ನನಗೆ ಅದು ಒಪ್ಪಿಗೆ ಇಲ್ಲ. ಒಳ್ಳೆಯ ಹಾಡುಗಳಿದ್ದೂ ಹೋದ ಪ್ರಕಾರಗಳು ಎಷ್ಟೋ ಇವೆ. ನಾನು ಎರಡು ವಿಷಯ ನೋಡುತ್ತೇನೆ. ಮೊದಲನೆಯದು, ಆ ಪ್ರಕಾರವನ್ನು ಜನ ಯಾವುದರಿಂದ ಗುರುತಿಸುತ್ತಾರೆ: ಒಂದು ತಾಳದ ಕಟ್ಟಿನಿಂದಲೋ, ಒಂದು ವಿಶೇಷ ಸದ್ದಿನಿಂದಲೋ? ಎರಡನೆಯದು, ಅದಕ್ಕೆ ಮನೆ ಇದೆಯೋ ಇಲ್ಲವೋ?

ಖಾಲಿ ಬಿಟ್ಟ ಜಾಗ

ಹೌಸ್ ಸಂಗೀತವನ್ನು ಬಿಚ್ಚಿ ನೋಡಿದರೆ ಒಳಗೆ ಇರುವುದು ತುಂಬಾ ಕಡಿಮೆ. ನಿಮಿಷಕ್ಕೆ 120ರಿಂದ 130 ಬೀಟ್. ಪ್ರತಿ ಬೀಟಿಗೂ ಒಂದು ಕಿಕ್ ಡ್ರಮ್, ಅಂದರೆ ದೊಡ್ಡ ಡ್ರಮ್ಮಿನ ದಪ್ಪ ಪೆಟ್ಟು. ಎರಡು ಕಿಕ್‌ಗಳ ನಡುವೆ ಒಂದು ಹೈ-ಹ್ಯಾಟ್, ಅಂದರೆ ಲೋಹದ ತಟ್ಟೆಯ ಸಣ್ಣ ಸದ್ದು. ಅಷ್ಟೇ. ಮಿಕ್ಕಿದ್ದೆಲ್ಲ ಖಾಲಿ. ಆ ಖಾಲಿಯೊಳಗೆ ಚರ್ಚಿನ ಹಾಡುಗಾರಿಕೆ ಹಾಕಬಹುದು, ಜಾಝ್ ಪಿಯಾನೊ ಹಾಕಬಹುದು, ಬರೀ ಮಾತು ಹಾಕಬಹುದು, ಏನೂ ಹಾಕದೆಯೂ ಇರಬಹುದು. ಏನೇ ಹಾಕಿದರೂ ಅದು ಹೌಸ್ ಆಗಿಯೇ ಉಳಿಯುತ್ತದೆ. ಹೀಗಾಗಿ ಡೀಪ್ ಹೌಸ್, ಟೆಕ್ ಹೌಸ್, ಫ್ರೆಂಚ್ ಹೌಸ್, ಆಫ್ರೋ ಹೌಸ್ ಅಂತ ಅದು ಸೀಳುತ್ತಾ ಬೆಳೆಯಿತು. ಒಂದು ಕವಲು ಬೇಜಾರಾದರೆ ಕೇಳುಗರು ಪಕ್ಕದ ಕವಲಿಗೆ ಹೋಗುತ್ತಾರೆ. ಮನೆ ಬಿಟ್ಟು ಹೋಗುವುದಿಲ್ಲ, ಕೋಣೆ ಬದಲಾಯಿಸುತ್ತಾರೆ.

ಇನ್ನೊಂದು ಕಾರಣ ಕೊಂಚ ಯಾಂತ್ರಿಕವಾದದ್ದು. ಬಹುತೇಕ ಜನ ಇದನ್ನು ಲೆಕ್ಕಕ್ಕೇ ತಗೊಳ್ಳುವುದಿಲ್ಲ. ದಶಕಗಳ ಕಾಲ ಡಿಜೆಗಳ ಕೈಯಲ್ಲಿದ್ದದ್ದು ಟೆಕ್ನಿಕ್ಸ್ ಎಸ್‌ಎಲ್-1200 ಟರ್ನ್‌ಟೇಬಲ್. 1979ರಲ್ಲಿ ಬಂದ ಅದರ ಎರಡನೇ ಮಾದರಿಯಲ್ಲಿ ವೇಗ ಬದಲಿಸುವ ಒಂದು ಪಟ್ಟಿ ಇತ್ತು. ಅದನ್ನು ಮೇಲೆ ಕೆಳಗೆ ಜಾರಿಸಿದರೆ ರೆಕಾರ್ಡಿನ ವೇಗ ಶೇ 8ರಷ್ಟು ಹೆಚ್ಚು ಅಥವಾ ಕಡಿಮೆ ಆಗುತ್ತದೆ. ಒಂದು ಹಾಡು ಮುಗಿಯುವ ಮೊದಲೇ ಇನ್ನೊಂದನ್ನು ಅದರ ತಾಳಕ್ಕೆ ಕೂಡಿಸಿ, ಕುಣಿತ ನಿಲ್ಲದ ಹಾಗೆ ದಾಟಿಸುವುದು ಡಿಜೆಯ ಕಸುಬು. ಈಗ ಲೆಕ್ಕ ಹಾಕಿ. 125 ಬೀಟಿನ ಹಾಡನ್ನು 115ರಿಂದ 135ರವರೆಗೆ ಎಳೆಯಬಹುದು. ಡಿಸ್ಕೊ, ಹೌಸ್, ಟೆಕ್ನೊದ ದೊಡ್ಡ ಭಾಗ, ಎಲ್ಲವೂ ಈ ಅಂಗಳದೊಳಗೆ ಬರುತ್ತವೆ. ಅಂದರೆ ಹೌಸ್ ಡಿಜೆಯ ಪೆಟ್ಟಿಗೆಯಲ್ಲಿ 1978ರ ಡಿಸ್ಕೊ ರೆಕಾರ್ಡೂ ಕೆಲಸಕ್ಕೆ ಬರುತ್ತದೆ, ನಿನ್ನೆ ಬಂದ ಹಾಡೂ ಬರುತ್ತದೆ. ಹಳೆಯದು ಹಳೆಯದಾಗುವುದೇ ಇಲ್ಲ. ಇಂದಿನ ಡಿಜಿಟಲ್ ಪ್ಲೇಯರ್‌ಗಳಲ್ಲಿ ವೇಗ ಎಷ್ಟು ಬೇಕಾದರೂ ಬದಲಿಸಬಹುದು. ಆದರೆ ಪ್ರಕಾರಗಳ ನಡುವಿನ ಬೇಲಿಗಳು ಎದ್ದದ್ದು ಆ ಶೇ 8ರ ಕಾಲದಲ್ಲಿ.

ಆ ಬೇಲಿಯ ಆಚೆ ಉಳಿದವರ ಕತೆ ಇನ್ನೂ ಚೆನ್ನಾಗಿದೆ.

ದ್ವೀಪದ ಬಾಳು

ಡ್ರಮ್ ಆ್ಯಂಡ್ ಬೇಸ್ ಓಡುವುದು ನಿಮಿಷಕ್ಕೆ ಸುಮಾರು 174 ಬೀಟಿನಲ್ಲಿ. ಶೇ 8 ಇಳಿಸಿದರೂ 160. ಹೌಸ್ ರೆಕಾರ್ಡಿನ ಜೊತೆ ಅದನ್ನು ಕೂಡಿಸಲು ಆಗುವುದೇ ಇಲ್ಲ. ಹಾಗಾಗಿ ಒಬ್ಬ ಡಿಜೆ ರಾತ್ರಿಯಿಡೀ ಅದನ್ನೇ ಹಾಕಬೇಕು, ಇಲ್ಲವೇ ಅದರ ತಂಟೆಗೇ ಹೋಗಬಾರದು. ಮೇಲ್ನೋಟಕ್ಕೆ ಇದು ದೊಡ್ಡ ಕೊರತೆ. ಆದರೆ ಈ ಒಂಟಿತನವೇ ಅದನ್ನು ಕಾಪಾಡಿತು ಅಂತ ನನ್ನ ಅನಿಸಿಕೆ.

ಅದರ ಬೀಜ ಇರುವುದು 1969ರ ಒಂದು ಸೋಲ್ ರೆಕಾರ್ಡಿನ ಹಿಂಬದಿಯಲ್ಲಿ. ದಿ ವಿನ್ಸ್ಟನ್ಸ್ ಎಂಬ ತಂಡದ 'ಆಮೆನ್, ಬ್ರದರ್'. ಅದರ ನಡುವೆ ಗ್ರೆಗರಿ ಕೋಲ್ಮನ್ ಒಬ್ಬರೇ ಡ್ರಮ್ ಬಾರಿಸುವ ಆರೇಳು ಸೆಕೆಂಡಿನ ತುಣುಕೊಂದಿದೆ. ತೊಂಬತ್ತರ ದಶಕದ ಶುರುವಿನಲ್ಲಿ ಇಂಗ್ಲೆಂಡಿನ ಹುಡುಗರು ಅದನ್ನು ಸ್ಯಾಂಪ್ಲರ್ ಎಂಬ, ಸದ್ದು ಹಿಡಿದಿಟ್ಟು ಮತ್ತೆ ನುಡಿಸುವ ಯಂತ್ರಕ್ಕೆ ಹಾಕಿ, ವೇಗ ಹೆಚ್ಚಿಸಿ, ಚೂರು ಚೂರು ಮಾಡಿ ಬೇರೆ ಬೇರೆ ಕ್ರಮದಲ್ಲಿ ಪೋಣಿಸಿದರು. ಮೊದಲು ಅದಕ್ಕೆ ಜಂಗಲ್ ಅಂದರು, ಆಮೇಲೆ ಡ್ರಮ್ ಆ್ಯಂಡ್ ಬೇಸ್. ಆ ಡ್ರಮ್ಮರಿಗೆ ಇದರಿಂದ ಒಂದು ಕಾಸೂ ಬರಲಿಲ್ಲ. ಕೋಲ್ಮನ್ 2006ರಲ್ಲಿ ತೀರಿಕೊಂಡರು. ಈ ಕತೆ ನೆನೆದಾಗಲೆಲ್ಲ ಬೇಜಾರಾಗುತ್ತದೆ. ಅದಿರಲಿ.

1997ರಲ್ಲಿ ಬ್ರಿಸ್ಟಲ್‌ನ ರೋನಿ ಸೈಜ್ ಮತ್ತು ರೆಪ್ರಜೆಂಟ್ ತಂಡಕ್ಕೆ ಬ್ರಿಟನ್ನಿನ ಮರ್ಕ್ಯುರಿ ಪ್ರಶಸ್ತಿ ಬಂತು. ಪತ್ರಿಕೆಗಳು ಎತ್ತಿ ಮೆರೆಸಿದವು. ಎರಡು ಮೂರು ವರ್ಷದಲ್ಲಿ ಅದೇ ಪತ್ರಿಕೆಗಳು ಕೈಬಿಟ್ಟವು. ದೊಡ್ಡ ಕಂಪನಿಗಳ ಆಸಕ್ತಿಯೂ ಇಳಿಯಿತು. ಆಗ ಅದು ಸಾಯಬೇಕಿತ್ತು. ಯಾಕೆ ಸಾಯಲಿಲ್ಲ ಅಂದರೆ, ಬೇರೆಯವರ ಪಾರ್ಟಿಯಲ್ಲಿ ಜಾಗ ಸಿಗದ ಈ ಸಂಗೀತ ಮೊದಲಿನಿಂದಲೂ ತನ್ನ ಪಾರ್ಟಿ ತಾನೇ ಮಾಡಿಕೊಂಡಿತ್ತು. ರ್‍ಯಾಮ್ ರೆಕಾರ್ಡ್ಸ್ 1992ರಲ್ಲಿ ಶುರುವಾಗಿತ್ತು, ಗೋಲ್ಡಿ ಎಂಬ ಕಲಾವಿದರು ಜೊತೆಗಾರರಾಗಿದ್ದ ಮೆಟಲ್‌ಹೆಡ್ಸ್ 1994ರಲ್ಲಿ, ಹಾಸ್ಪಿಟಲ್ ರೆಕಾರ್ಡ್ಸ್ 1996ರಲ್ಲಿ. ರೆಕಾರ್ಡ್ ಹೊರತರುವ ಲೇಬಲ್ ಅವರದೇ, ಡಿಜೆಗಳು ಅವರದೇ, ಕ್ಲಬ್ ರಾತ್ರಿಗಳು ಅವರದೇ. ಹೊರಗಿನ ದುಡ್ಡು ಬಂದಾಗ ಸಂಭ್ರಮಿಸಿದರು. ಹೋದಾಗ ಅಂಗಡಿ ಮುಚ್ಚುವ ಪರಿಸ್ಥಿತಿ ಬರಲಿಲ್ಲ. ಇಪ್ಪತ್ತು ವರ್ಷ ಕಳೆದು ಪಿಂಕ್‌ಪ್ಯಾಂಥರೆಸ್, ನಿಯಾ ಆರ್ಕೈವ್ಸ್ ಅಂಥ ಹೊಸಬರು ಅದೇ ಮುರಿದ ಡ್ರಮ್ಮುಗಳ ಮೇಲೆ ಮೆಲ್ಲಗೆ ಹಾಡಿದಾಗ 'ಡ್ರಮ್ ಆ್ಯಂಡ್ ಬೇಸ್ ವಾಪಸ್ ಬಂತು' ಅಂತ ಬರೆದರು. ಅದು ಎಲ್ಲಿಗೂ ಹೋಗಿರಲಿಲ್ಲ. ಬರೆಯುವವರು ಆ ಕಡೆ ನೋಡುವುದನ್ನು ಬಿಟ್ಟಿದ್ದರು ಅಷ್ಟೇ.

ಆ ಹೊಸಬರಿಗೆ ಇನ್ನೊಂದು ಅನುಕೂಲವೂ ಸಿಕ್ಕಿತು. 174ರ ಅರ್ಧ 87. ಡ್ರಮ್ಮು ಓಡುತ್ತಿದ್ದರೂ ಬೇಸ್ ಮತ್ತು ಹಾಡು ಅರ್ಧ ವೇಗದಲ್ಲಿ, ಹಿಪ್‌ಹಾಪಿನ ಹಾಗೆ ನಿಧಾನವಾಗಿ ನಡೆಯಬಹುದು. ಕುಣಿಯುವವರು ತಮಗೆ ಬೇಕಾದ ವೇಗ ಆರಿಸಿಕೊಳ್ಳಬಹುದು. ಇದೂ ಒಂದು ಬಗೆಯ ಖಾಲಿ ಜಾಗವೇ.

ಒಂದೇ ಸದ್ದಿನ ಶಾಪ

ಈಗ ಡಬ್‌ಸ್ಟೆಪ್. ಎರಡೂ ಪ್ರಶ್ನೆಗಳಿಗೆ ಉತ್ತರ ಒಂದೇ ಪ್ರಕಾರದಲ್ಲಿ ಸಿಗಬೇಕು ಅಂದರೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ.

ಶುರುವಾದದ್ದು ದಕ್ಷಿಣ ಲಂಡನ್ನಿನ ಕ್ರಾಯ್ಡನ್‌ನಲ್ಲಿ, ಈ ಶತಮಾನದ ಮೊದಲ ವರ್ಷಗಳಲ್ಲಿ. ಬಿಗ್ ಆ್ಯಪಲ್ ಎಂಬ ರೆಕಾರ್ಡ್ ಅಂಗಡಿಯ ಸುತ್ತ ಸೇರುತ್ತಿದ್ದ ಕೆಲವೇ ಹುಡುಗರು ಆಗ ಹೆಸರಾಗಿದ್ದ ಗರಾಜ್ ಎಂಬ ಲಂಡನ್ನಿನ ಕುಣಿತದ ಸಂಗೀತದಿಂದ ಮಿನುಗನ್ನೆಲ್ಲ ಕಿತ್ತುಹಾಕಿದರು. ಉಳಿದದ್ದು 140 ಬೀಟಿನ ಒಂದು ಕತ್ತಲೆ. ತುಂಬಾ ಜಾಗ, ಕಡಿಮೆ ಡ್ರಮ್, ಕಿವಿಗಿಂತ ಎದೆಗೆ ಜಾಸ್ತಿ ಕೇಳಿಸುವ ಬೇಸ್. ಪ್ಲಾಸ್ಟಿಕ್ ಪೀಪಲ್ ಎಂಬ ಸಣ್ಣ ಕ್ಲಬ್ಬಿನ ಫಾರ್ವರ್ಡ್ ರಾತ್ರಿಗಳು, ಬ್ರಿಕ್ಸ್ಟನ್ನಿನ ಡಿಎಂಝಡ್ ರಾತ್ರಿಗಳು ಅದರ ಮನೆ. ಆ ಬೇಸ್ ಸಣ್ಣ ಸ್ಪೀಕರಿನಲ್ಲಿ ಕೇಳುವುದೇ ಇಲ್ಲ. ಆಳೆತ್ತರದ ಸ್ಪೀಕರಿನ ಮುಂದೆ ನೀವೇ ಹೋಗಿ ನಿಲ್ಲಬೇಕು. ಸಂಗೀತ ಮತ್ತು ಜಾಗ ಬೇರೆ ಬೇರೆ ಆಗಿರಲಿಲ್ಲ.

2006ರ ಜನವರಿಯಲ್ಲಿ ಬಿಬಿಸಿ ರೇಡಿಯೊ 1ರಲ್ಲಿ ಮೇರಿ ಆ್ಯನ್ ಹಾಬ್ಸ್ ಈ ಡಿಜೆಗಳನ್ನೆಲ್ಲ ಕರೆಸಿ ಒಂದು ಕಾರ್ಯಕ್ರಮ ಮಾಡಿದರು. ಅಲ್ಲಿಂದ ಅದು ಹಡಗು ಹತ್ತಿತು. ಅಮೆರಿಕಕ್ಕೆ ಹೋಗುವಷ್ಟರಲ್ಲಿ ಒಂದು ಬದಲಾವಣೆ ಆಯಿತು. ಎದೆಗೆ ತಾಗುತ್ತಿದ್ದ ಆಳದ ಬೇಸ್ ಮೇಲಕ್ಕೆ ಬಂದು ಗುರ್‍ರೆನ್ನುವ, ಗೀರುವ, ಕಿರುಚುವ ಸದ್ದಾಯಿತು. ಲ್ಯಾಪ್‌ಟಾಪಿನಲ್ಲೂ ಕೇಳುತ್ತದೆ, ಇಯರ್‌ಫೋನಿನಲ್ಲೂ ಕೇಳುತ್ತದೆ. ಕ್ಲಬ್ಬಿಗೆ ಹೋಗುವ ಗರಜೇ ಇಲ್ಲ. 2010ರಲ್ಲಿ ಅಮೆರಿಕದ ಸ್ಕ್ರಿಲೆಕ್ಸ್ ಈ ಸದ್ದನ್ನು ತುತ್ತತುದಿಗೆ ಒಯ್ದರು. 2012ರಲ್ಲಿ ಅವರಿಗೆ ಮೂರು ಗ್ರ್ಯಾಮಿ ಬಂದವು. ಆಮೇಲೆ ಸಿನಿಮಾ ಟ್ರೇಲರ್, ಜಾಹೀರಾತು, ವಿಡಿಯೊ ಗೇಮ್, ಎಲ್ಲಿ ನೋಡಿದರೂ ಅದೇ ಗುರ್‍ರ್.

ಇಲ್ಲಿದೆ ತೊಡಕು. ಒಂದು ಪ್ರಕಾರದ ಗುರುತು ಒಂದೇ ಸದ್ದಿನಲ್ಲಿ ಇದ್ದರೆ ಆ ಸದ್ದನ್ನು ನಕಲು ಮಾಡಿದವರೆಲ್ಲ ಆ ಪ್ರಕಾರದವರೇ ಆಗುತ್ತಾರೆ. ಮ್ಯಾಸಿವ್ ಎಂಬ ಸಾಫ್ಟ್‌ವೇರ್ ಕೈಯಲ್ಲಿದ್ದು, ಯೂಟ್ಯೂಬ್‌ನಲ್ಲಿ ಒಂದು ಪಾಠ ನೋಡಿದರೆ ಸಂಜೆಯೊಳಗೆ ಆ ಗುರ್‍ರ್ ನಿಮ್ಮದೂ ಆಗುತ್ತಿತ್ತು. ಸಾವಿರಾರು ಜನ ಮಾಡಿದರು. ಮೊದಲ ಸಲ ಕೇಳಿದಾಗ ಮೈ ಜುಂ ಅನ್ನಿಸಿದ ಸದ್ದು ಐನೂರನೇ ಸಲ ನಗು ತರಿಸುತ್ತದೆ. 2014ರ ಹೊತ್ತಿಗೆ ಡಬ್‌ಸ್ಟೆಪ್ ಡ್ರಾಪ್, ಅಂದರೆ ಏರಿದ ಸದ್ದು ನಿಂತು ಆ ಬೇಸ್ ದಿಢೀರನೆ ಬೀಳುವ ಕ್ಷಣ ಎಂಬುದೇ ತಮಾಷೆಯ ವಿಡಿಯೊಗಳ ಸರಕಾಗಿತ್ತು. ಒಂದು ಸದ್ದು ಜೋಕ್ ಆದ ಮೇಲೆ ಅದನ್ನು ಗಂಭೀರವಾಗಿ ಬಳಸುವುದು ಕಷ್ಟ.

ಸ್ಕ್ರಿಲೆಕ್ಸ್ ಕೆಡಿಸಿದರು ಅಂತ ಹಳಬರು ಈಗಲೂ ಬೈಯುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಆ ಮನುಷ್ಯನಿಗೆ ಕಿವಿ ಚೆನ್ನಾಗಿತ್ತು. ಸದ್ದು ಸವೆಯುತ್ತಿದ್ದಂತೆ ಬೇರೆ ಕಡೆ ನಡೆದರು. 2023ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಫೋರ್ ಟೆಟ್ ಮತ್ತು ಫ್ರೆಡ್ ಅಗೇನ್ ಎಂಬಿಬ್ಬರ ಜೊತೆ ನಿಂತು ಗಂಟೆಗಟ್ಟಲೆ ಬೇರೆ ಬೇರೆ ಪ್ರಕಾರಗಳನ್ನು ಕಲಸಿ ನುಡಿಸಿದರು. ಮುಳುಗಿದ್ದು ಅವರ ಬೆನ್ನು ಹತ್ತಿದವರು. ಇತ್ತ ಡಿಎಂಝಡ್‌ನ ಮಾಲಾ ತಮ್ಮ ಡೀಪ್ ಮೆಡಿ ಲೇಬಲ್ಲಿನಲ್ಲಿ ಆ ಕತ್ತಲೆಯ ಸಂಗೀತವನ್ನು ಹೊರತರುತ್ತಲೇ ಇದ್ದರು. ಆ ಹಳೆಯ ಬಗೆಗೆ ಕೇಳುಗರು ಇಂದಿಗೂ ಇದ್ದಾರೆ. ಡಬ್‌ಸ್ಟೆಪ್ ಅಂದರೆ ಬೇರೇನೋ ಅರ್ಥ ಬರುತ್ತದೆ ಅಂತ ಎಷ್ಟೋ ಮಂದಿ ಅದನ್ನು ಬರೀ '140' ಅನ್ನುತ್ತಾರೆ. ಹೆಸರು ಕಳ್ಳತನವಾದ ಮೇಲೆ ಬೀಟಿನ ಲೆಕ್ಕವನ್ನೇ ಹೆಸರು ಮಾಡಿಕೊಂಡರು!

ಬಿಗ್ ರೂಮ್ ಹೌಸಿನದೂ ಇದೇ ಕತೆ, ಆದರೆ ದುಡ್ಡು ಹೆಚ್ಚು. 2013ರ ಸುಮಾರಿಗೆ ದೊಡ್ಡ ಸಂಗೀತ ಹಬ್ಬಗಳ ವೇದಿಕೆಯಲ್ಲಿ ಕೇಳಿದ್ದೆಲ್ಲ ಒಂದೇ ನಮೂನೆ: ಏರುತ್ತಾ ಹೋಗುವ ಸದ್ದು, ಒಂದು ಕ್ಷಣ ಮೌನ, ಆಮೇಲೆ ದೊಪ್ಪನೆ ಬೀಳುವ ಕಿಕ್. ಎಸ್‌ಎಫ್‌ಎಕ್ಸ್ ಎಂಬ ಕಂಪನಿ ಹಬ್ಬಗಳನ್ನೂ, ಡಿಜೆಗಳು ಹಾಡು ಕೊಳ್ಳುವ ಬೀಟ್‌ಪೋರ್ಟ್ ಅಂಗಡಿಯನ್ನೂ ಒಂದರ ಮೇಲೊಂದು ಖರೀದಿಸಿತು. 2013ರ ಅಕ್ಟೋಬರಿನಲ್ಲಿ 13 ಡಾಲರಿಗೊಂದರಂತೆ ಷೇರು ಮಾರಿತು. 2016ರ ಫೆಬ್ರವರಿಯಲ್ಲಿ ದಿವಾಳಿ ಅರ್ಜಿ ಹಾಕಿತು. ಆ ಕಂಪನಿ ಬಿದ್ದದ್ದಕ್ಕೆ ಸಾಲವೂ ಕಾರಣ, ಎಲ್ಲವನ್ನೂ ಸಂಗೀತದ ತಲೆಗೆ ಕಟ್ಟಬಾರದು. ಆದರೆ ಒಂದು ಕ್ಷಣದ ರೋಮಾಂಚನವನ್ನೇ ನಂಬಿದ ಸಂಗೀತ ವರ್ಷಗಟ್ಟಲೆ ಬೆಳೆಯುತ್ತಲೇ ಇರುತ್ತದೆ ಅಂತ ಲೆಕ್ಕ ಹಾಕಿದ್ದು ತಪ್ಪೇ.

ಬಿಗ್ ಬೀಟ್? ತೊಂಬತ್ತರ ಕೊನೆಯಲ್ಲಿ ಬ್ರೈಟನ್ನಿನ ಬಿಗ್ ಬೀಟ್ ಬೂಟೀಕ್‌ನಂಥ ಕ್ಲಬ್ ರಾತ್ರಿಗಳಿಂದ ಎದ್ದು, ಫ್ಯಾಟ್‌ಬಾಯ್ ಸ್ಲಿಮ್ ಎಂಬ ಡಿಜೆಯ ಮೂಲಕ ಜಗತ್ತಿಗೆಲ್ಲ ಹರಡಿತು. ರಾಕ್ ಗಿಟಾರು, ಜೋರು ಡ್ರಮ್ಮು, ಹಳೆಯ ರೆಕಾರ್ಡಿನಿಂದ ಕಿತ್ತ ಒಂದು ಕೀಟಲೆಯ ಸಾಲು. ಮಜಾ ಇತ್ತು. ಕೀಟಲೆ ಹಳೆಯದಾಯಿತು, ಮುಗಿಯಿತು. ಎಂಬತ್ತರ ದಶಕದ ಸಿಂಥಸೈಜರ್ ಪಾಪನ್ನು ನೆನಪಿಸುವ ಎಲೆಕ್ಟ್ರೊಕ್ಲ್ಯಾಷ್ ಎಂಬ ಪ್ರಕಾರ ಇನ್ನೂ ಬೇಗ ಹೋಯಿತು. ಅದರಲ್ಲಿ ಹಾಡಿಗಿಂತ ವೇಷ ಜಾಸ್ತಿ ಇತ್ತು ಅಂತ ನನ್ನ ಗುಮಾನಿ.

ಹಾಗಾದರೆ 303ರ ಆ ಕೀಚಲು ಸದ್ದೂ ಒಂದು ಸದ್ದೇ ಅಲ್ವಾ, ಅದು ಹೇಗೆ ಉಳಿಯಿತು ಅಂತ ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಒಂದು, ಅದು ಸಿದ್ಧ ಸದ್ದಲ್ಲ. ಗುಂಡಿ ತಿರುಗಿಸುವ ಕೈ ಬದಲಾದರೆ ಸದ್ದೂ ಬದಲಾಗುತ್ತದೆ, ವಾದ್ಯದ ಹಾಗೆ. ಎರಡು, ಆ್ಯಸಿಡ್ ಯಾವತ್ತೂ ಸ್ವಂತ ಮನೆ ಕಟ್ಟಲಿಲ್ಲ. ಹೌಸ್ ಮತ್ತು ಟೆಕ್ನೊದ ಮನೆಯಲ್ಲೇ ಬಾಡಿಗೆಗೆ ಇದ್ದುಕೊಂಡಿತು. ರಾತ್ರಿಯಲ್ಲಿ ಒಂದೆರಡು ಹಾಡು ಆ್ಯಸಿಡ್ ಇದ್ದರೆ ಯಾರಿಗೂ ಹೊರೆಯಲ್ಲ.

ಹೆಸರು ಹೋದರೂ

ಕೆಲವು ಸಲ ಸತ್ತದ್ದು ಬರೀ ಹೆಸರು. 1979ರ ಜುಲೈ 12ರಂದು ಷಿಕಾಗೋದ ಕೊಮಿಸ್ಕಿ ಪಾರ್ಕ್ ಮೈದಾನದಲ್ಲಿ, ಎರಡು ಬೇಸ್‌ಬಾಲ್ ಪಂದ್ಯಗಳ ನಡುವಿನ ಬಿಡುವಿನಲ್ಲಿ, ಡಿಸ್ಕೊ ರೆಕಾರ್ಡುಗಳನ್ನು ರಾಶಿ ಹಾಕಿ ಸಿಡಿಸಿದರು. ಜನ ಮೈದಾನಕ್ಕೆ ನುಗ್ಗಿ, ಎರಡನೇ ಪಂದ್ಯವನ್ನೇ ರದ್ದು ಮಾಡಬೇಕಾಯಿತು. ಡಿಸ್ಕೊ ಎಂದರೆ ಕಪ್ಪು ಜನರ, ಲ್ಯಾಟಿನೊ ಜನರ, ಸಲಿಂಗಿಗಳ ಕ್ಲಬ್ಬುಗಳ ಸಂಗೀತ. ಆ ಸಿಟ್ಟಿನಲ್ಲಿ ಇದೂ ಬೆರೆತಿತ್ತು ಅಂತ ಅನೇಕರು ಬರೆದಿದ್ದಾರೆ, ನನಗೂ ಹಾಗೇ ಅನ್ನಿಸುತ್ತದೆ. ಕಂಪನಿಗಳು ಡಿಸ್ಕೊ ಎಂಬ ಪದವನ್ನೇ ಬಿಟ್ಟವು. ಅದೇ ಊರಿನ ವೇರ್‌ಹೌಸ್ ಕ್ಲಬ್ಬಿನಲ್ಲಿ ಫ್ರ್ಯಾಂಕಿ ನಕಲ್ಸ್ ಮಾತ್ರ ಡಿಸ್ಕೊ ಹಾಕುತ್ತಲೇ ಇದ್ದರು. ಹೊಸ ಡಿಸ್ಕೊ ರೆಕಾರ್ಡು ಬರುವುದು ನಿಂತಾಗ ಇದ್ದದ್ದನ್ನೇ ಟೇಪಿನಲ್ಲಿ ಕತ್ತರಿಸಿ ಉದ್ದ ಮಾಡಿದರು, ಕೆಳಗೆ ಡ್ರಮ್ ಯಂತ್ರ ಸೇರಿಸಿದರು. ವೇರ್‌ಹೌಸಿನಲ್ಲಿ ಹಾಕುವ ಸಂಗೀತ ಅಂತ ಅದಕ್ಕೆ ಹೌಸ್ ಎಂಬ ಹೆಸರು ಅಂಟಿತು. ಡಿಸ್ಕೊ ಕಾಲು ಮುರಿದುಕೊಂಡಿತ್ತು, ಕೋಲು ಹಿಡಿದು ಮತ್ತೆ ಕುಣಿಯಿತು.

ಮೂಂಬಾಟನ್ ಇನ್ನೊಂದು ಬಗೆ. 2009ರಲ್ಲಿ ವಾಷಿಂಗ್ಟನ್ನಿನ ಡಿಜೆ ಡೇವ್ ನಾಡಾ ತನ್ನ ಸಂಬಂಧಿ ಹುಡುಗನ ಪಾರ್ಟಿಗೆ ಹೋದರು. ಅಲ್ಲಿ ಓಡುತ್ತಿದ್ದದ್ದು ರೆಗ್ಗೆಟಾನ್ ಎಂಬ ಲ್ಯಾಟಿನ್ ಕುಣಿತದ ಸಂಗೀತ. ಇವರ ಬಳಿ ಇದ್ದದ್ದು ಹೌಸ್. ಒಂದು ಹೌಸ್ ಹಾಡನ್ನು 108 ಬೀಟಿಗೆ ಇಳಿಸಿ ಹಾಕಿದರು. ಹುಡುಗರು ಕುಣಿದರು. ಹೀಗೆ ಹುಟ್ಟಿದ ಮೂಂಬಾಟನ್ ಎರಡು ಮೂರು ವರ್ಷ ಮೆರೆದು ಮರೆಯಾಯಿತು. ಆದರೆ ಆ ನಿಧಾನದ, ತೊಯ್ದಾಡುವ ಲಯ 2015ರಿಂದೀಚೆಗೆ ಪಾಪ್ ಹಾಡುಗಳಲ್ಲೆಲ್ಲ ಸೇರಿಕೊಂಡಿತು. ಅದು ಮೂಂಬಾಟನ್ನಿನ ಸ್ವಂತ ಆಸ್ತಿಯೇನೂ ಅಲ್ಲ. ಜಮೈಕಾದಿಂದ ಪನಾಮಾ, ಪೋರ್ಟೊ ರಿಕೊ ದಾಟಿ ಬಂದ ತಾಳ. ತಾಳಕ್ಕೆ ಆಯಸ್ಸು ಜಾಸ್ತಿ ಅನ್ನುವುದು ಇದಕ್ಕೇ.

ಮನೆ ಇದ್ದವರು

ಟ್ರಾನ್ಸ್ ಕುಟುಂಬದ ಅಣ್ಣತಮ್ಮಂದಿರನ್ನು ಹೋಲಿಸಿದರೆ ಮನೆಯ ಮಾತು ಸ್ಪಷ್ಟವಾಗುತ್ತದೆ. ಒಬ್ಬ, ಯುರೋಪಿನ ದೊಡ್ಡ ಕ್ಲಬ್ಬುಗಳ ಟ್ರಾನ್ಸ್. 1996ರಲ್ಲಿ ಬಂದ ರೋಲ್ಯಾಂಡ್ ಜೆಪಿ-8000 ಎಂಬ ಸಿಂಥಸೈಜರಿನಲ್ಲಿ ಸೂಪರ್‌ಸಾ ಎಂಬ ಅಗಲವಾದ, ಹೊಳೆಯುವ ಸದ್ದಿತ್ತು. ಟ್ರಾನ್ಸ್ ಅಂದರೆ ಅದೇ ಎನ್ನುವಷ್ಟು ಬಳಕೆಯಾಯಿತು. 2004ರ ಅಥೆನ್ಸ್ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಟ್ರಾನ್ಸ್ ಡಿಜೆ ಟಿಯಸ್ಟೊ ನುಡಿಸಿದರು. ಇದಕ್ಕಿಂತ ಎತ್ತರ ಯಾವುದಿದೆ? ಅಲ್ಲಿಂದ ಇಳಿಜಾರು. ಟಿಯಸ್ಟೊ ಅವರೇ ಕೆಲವು ವರ್ಷಗಳಲ್ಲಿ ಟ್ರಾನ್ಸ್ ಬಿಟ್ಟರು. 2001ರಿಂದ ವಾರ ವಾರ ರೇಡಿಯೊ ಕಾರ್ಯಕ್ರಮ ನಡೆಸುತ್ತಾ ಬಂದ ಆರ್ಮಿನ್ ವ್ಯಾನ್ ಬ್ಯೂರನ್ ಅಂಥವರು ಅದರ ಉಸಿರು ಹಿಡಿದಿಟ್ಟರು.

ಇನ್ನೊಬ್ಬ, ಗೋವಾದ ಅಂಜುನಾ ಕಡಲ ತೀರದಲ್ಲಿ ಬೆಳೆದವನು. ರಾತ್ರಿ ಶುರುವಾಗಿ ಬೆಳಗಿನ ಬಿಸಿಲಿನವರೆಗೆ ನಡೆಯುತ್ತಿದ್ದ ಪಾರ್ಟಿಗಳು. ಬಿಸಿಲು, ಮರಳಿನ ನಡುವೆ ವಿನೈಲ್ ಒಯ್ಯುವುದು ಕಷ್ಟ ಅಂತ ಅಲ್ಲಿ ಟೇಪುಗಳೇ ಹೆಚ್ಚು ಓಡುತ್ತಿದ್ದವು. ಅದೇ ಸೈಟ್ರಾನ್ಸ್ ಆಗಿ ಬೆಳೆಯಿತು. ಅದು ಹಿಟ್ ಪಟ್ಟಿಗಳ ಮುಖ ನೋಡಿದ್ದು ಕಡಿಮೆ. ಅದರ ಕಲಾವಿದರ ಹೆಸರು ಹೊರಗಿನವರಿಗೆ ಗೊತ್ತಿಲ್ಲ. ಆದರೆ ಪೋರ್ಚುಗಲ್ಲಿನ ಬೂಮ್ ಹಬ್ಬ 1997ರಿಂದ ನಡೆಯುತ್ತಿದೆ. ಹಂಗೇರಿಯ ಓಜೋರಾಕ್ಕೆ ದೇಶ ದೇಶದಿಂದ ಜನ ಟೆಂಟು ಹೊತ್ತು ಬರುತ್ತಾರೆ. ಹೋದ ಸಲ ಬಂದವರು ಈ ಸಲ ಮಕ್ಕಳನ್ನೂ ಕರೆತರುತ್ತಾರೆ. ಅವರಿಗೆ ಹೊಸ ಸದ್ದು ಬೇಕಾಗಿಲ್ಲ. ಆ ಹೊಲ, ಆ ಜನ, ಆ ಬೆಳಗು ಬೇಕು.

ಟೆಕ್ನೊಗೆ ಹುಟ್ಟಿದ ಮನೆ ಬೇರೆ, ಬೆಳೆದ ಮನೆ ಬೇರೆ. ಹುಟ್ಟಿದ್ದು ಡೆಟ್ರಾಯಿಟ್‌ನಲ್ಲಿ, ಹ್ವಾನ್ ಅಟ್ಕಿನ್ಸ್, ಡೆರಿಕ್ ಮೇ, ಕೆವಿನ್ ಸಾಂಡರ್ಸನ್ ಕೈಯಲ್ಲಿ. ಜಾಗ ಸಿಕ್ಕಿದ್ದು ಗೋಡೆ ಬಿದ್ದ ಬರ್ಲಿನ್ನಿನಲ್ಲಿ. ಪೂರ್ವದ ಕಡೆ ಒಡೆಯರು ಯಾರೆಂದೇ ತಿಳಿಯದ ಖಾಲಿ ಕಟ್ಟಡಗಳು ಎಷ್ಟೋ ಇದ್ದವು. 1991ರಲ್ಲಿ ಹಳೆಯ ಡಿಪಾರ್ಟ್‌ಮೆಂಟ್ ಸ್ಟೋರ್ ಒಂದರ ನೆಲಮಾಳಿಗೆಯ ತಿಜೋರಿ ಕೋಣೆಯಲ್ಲಿ ಟ್ರೆಸರ್ ಕ್ಲಬ್ ಶುರುವಾಯಿತು. ಬಾಡಿಗೆ ಕಡಿಮೆ ಇದ್ದರೆ ಕ್ಲಬ್ಬು ಕಡಿಮೆ ಜನ ಬರುವ ರಾತ್ರಿಯನ್ನೂ ತಡೆದುಕೊಳ್ಳುತ್ತದೆ. ಹೊಸ ಸಂಗೀತಕ್ಕೆ ಬೇಕಾಗುವುದು ಇದೇ. 2024ರಲ್ಲಿ ಬರ್ಲಿನ್ನಿನ ಟೆಕ್ನೊ ಸಂಸ್ಕೃತಿಯನ್ನು ಜರ್ಮನಿ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಅದೇ ವರ್ಷದ ಕೊನೆಗೆ ವಾಟರ್‌ಗೇಟ್ ಎಂಬ ಹೆಸರಾಂತ ಕ್ಲಬ್ ಬಾಗಿಲು ಹಾಕಿತು. ಕ್ಲಬ್ಬುಗಳ ಸಾವಿಗೆಂದೇ ಅಲ್ಲಿ ಒಂದು ಪದ ಇದೆ, ಕ್ಲಬ್‌ಸ್ಟರ್ಬೆನ್. ಡಬ್‌ಸ್ಟೆಪ್ ಬೆಳೆದ ಪ್ಲಾಸ್ಟಿಕ್ ಪೀಪಲ್ ಕೂಡ 2015ರ ಜನವರಿಯಲ್ಲೇ ಮುಚ್ಚಿತ್ತು.

ಮನೆಯನ್ನು ಬಾಡಿಗೆಯಷ್ಟೇ ಅಲ್ಲ, ಪೊಲೀಸರೂ ಕಿತ್ತುಕೊಳ್ಳಬಹುದು. ಲಂಡನ್ ಪೊಲೀಸರು 2005ರಲ್ಲಿ ತಂದ ಫಾರ್ಮ್ 696 ಎಂಬ ಅರ್ಜಿಯಲ್ಲಿ, ಕಾರ್ಯಕ್ರಮ ನಡೆಸುವವರು ಕಲಾವಿದರ ವಿವರಗಳನ್ನೆಲ್ಲ ಮೊದಲೇ ಕೊಡಬೇಕಿತ್ತು. ಗರಾಜ್ ಮತ್ತು ಅದರಿಂದ ಕವಲೊಡೆದ ಗ್ರೈಮ್ ಎಂಬ ರಾಪ್ ಸಂಗೀತದ ರಾತ್ರಿಗಳಿಗೆ ಜಾಗ ಸಿಗುವುದೇ ಕಷ್ಟವಾಯಿತು. ಅದನ್ನು ರದ್ದು ಮಾಡಿದ್ದು 2017ರಲ್ಲಿ. ಅಷ್ಟು ವರ್ಷ ಗ್ರೈಮನ್ನು ಬದುಕಿಸಿದ್ದರಲ್ಲಿ ಪರವಾನಗಿ ಇಲ್ಲದ ರೇಡಿಯೊಗಳದೂ ಪಾಲಿದೆ.

ಈಗ ಓಡುತ್ತಿರುವುದು

ದಕ್ಷಿಣ ಆಫ್ರಿಕಾದ ಅಮಾಪಿಯಾನೊ ಈಗ ಎಲ್ಲರ ಬಾಯಲ್ಲಿದೆ. 2024ರಲ್ಲಿ ಅಲ್ಲಿನ ಗಾಯಕಿ ಟೈಲಾಗೆ ಗ್ರ್ಯಾಮಿ ಬಂದ ಹಾಡಿನಲ್ಲೂ ಅದರ ನೆರಳಿತ್ತು. ಅದರ ಬಗ್ಗೆ ನನಗೆ ಎರಡು ಮನಸ್ಸು. ಲಾಗ್ ಡ್ರಮ್ ಎಂಬ ಅದರ ಗುಂಡಗಿನ ಬೇಸ್ ಪೆಟ್ಟು ಕೇಳಿದ ಕೂಡಲೇ ಗುರುತು ಸಿಗುತ್ತದೆ. ನಕಲು ಮಾಡುವುದೂ ಸುಲಭ. ಬೇರೆ ದೇಶದ ಪಾಪ್ ನಿರ್ಮಾಪಕರು ಆ ಪೆಟ್ಟನ್ನಷ್ಟೇ ಕಿತ್ತುಕೊಂಡು ಹೋಗುತ್ತಿದ್ದಾರೆ. ಡಬ್‌ಸ್ಟೆಪ್‌ಗೆ ಬಡಿದ ರೋಗದ ಮೊದಲ ಲಕ್ಷಣ ಇದೇ. ಇನ್ನೊಂದು ಕಡೆ, ಅದರ ಲಯ ನಿಧಾನ, ಸುಮಾರು 112ರ ಆಸುಪಾಸು. ಹಾಡುಗಳು ಆರೇಳು ನಿಮಿಷದವರೆಗೂ ಹೋಗುತ್ತವೆ, ಒಳಗೆ ಜಾಗ ಬೇಕಾದಷ್ಟಿದೆ. ಅದು ಹರಡಿದ್ದು ಪ್ರಿಟೋರಿಯಾ, ಜೊಹಾನ್ಸ್‌ಬರ್ಗ್ ಸುತ್ತಲಿನ ಟೌನ್‌ಷಿಪ್‌ಗಳಲ್ಲಿ, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ, ಮಿನಿಬಸ್ ಟ್ಯಾಕ್ಸಿಗಳಲ್ಲಿ. ತೊಂಬತ್ತರ ದಶಕದಲ್ಲಿ ಹೌಸನ್ನು ನಿಧಾನ ಮಾಡಿ ಕಟ್ಟಿದ ಕ್ವೈಟೊ ಎಂಬ ಸಂಗೀತದಿಂದ ಹಿಡಿದು ಆ ದೇಶ ಹೌಸನ್ನು ತನ್ನ ಸ್ವಂತದ್ದಾಗಿ ಮಾಡಿಕೊಂಡು ಮೂರು ದಶಕ ದಾಟಿದೆ. ಹೊರಗಿನವರು ನಾಳೆ ಬೇಸರಪಟ್ಟು ಬಿಟ್ಟರೂ ಅಲ್ಲಿ ಅದು ನಿಲ್ಲುವುದಿಲ್ಲ ಅಂತ ನನ್ನ ಊಹೆ.

ಡ್ರಿಫ್ಟ್ ಫಾಂಕ್ ಬಗ್ಗೆ ಅಷ್ಟು ಧೈರ್ಯ ಇಲ್ಲ. ಕಾರು ಜಾರಿಸುವ ಸಣ್ಣ ವಿಡಿಯೊಗಳ ಹಿಂದೆ ಕೇಳುತ್ತದಲ್ಲ, ಒಡೆದ ಬೇಸ್ ಮೇಲೆ ಟಣ್ ಟಣ್ ಅನ್ನುವ ಗಂಟೆ, ಅದೇ. ಆ ಗಂಟೆ ಬೇರೇನಲ್ಲ, 808ರ ಕೌಬೆಲ್. ಇಡೀ ಪ್ರಕಾರದ ಗುರುತು ಆ ಒಂದು ಸದ್ದಿನ ಮೇಲೆ ನಿಂತಿದೆ. ಕೇಳುಗರು ಕೋಟಿಗಟ್ಟಲೆ ಇರಬಹುದು, ಆದರೆ ಅವರು ಒಂದು ಕಡೆ ಸೇರುವುದು ಕಮ್ಮಿ. ಸಣ್ಣ ವಿಡಿಯೊಗಳಿಗೆ ಬೇಕಾಗುವುದು ಹದಿನೈದು ಸೆಕೆಂಡಿನಲ್ಲಿ ಗುರುತು ಸಿಗುವ ಸದ್ದು. ತಾಳ ಮೈಗೆ ಹತ್ತಲು ಅಷ್ಟು ಹೊತ್ತು ಸಾಲದು. ಹಾಗಾಗಿ ಈ ವೇದಿಕೆಗಳು ಬೇಗ ಹಳಸುವ ಬಗೆಯನ್ನೇ ಹೆಚ್ಚು ಬೆಳೆಸುತ್ತವೆ.

ನನ್ನ ಈ ಲೆಕ್ಕಕ್ಕೆ ಸಿಗದ ಒಂದು ಪ್ರಕಾರವನ್ನೂ ಹೇಳಿಬಿಡುತ್ತೇನೆ: ವೇಪರ್‌ವೇವ್. ಎಂಬತ್ತರ ದಶಕದ ನುಣುಪು ಹಾಡುಗಳನ್ನು ನಿಧಾನ ಮಾಡಿ ತೊಳೆದುಹಾಕಿದಂಥ ಸಂಗೀತ. ಹುಟ್ಟಿದ್ದು ಇಂಟರ್ನೆಟ್ಟಿನಲ್ಲಿ, ಬೆಳೆದದ್ದೂ ಅಲ್ಲೇ. ಕುಣಿಯಲು ಬರುವುದಿಲ್ಲ, ಕ್ಲಬ್ ಇಲ್ಲ. 2011ರಿಂದ ಹತ್ತು ಸಲ ಅದರ ತಿಥಿ ಮಾಡಿದ್ದಾರೆ. ಇನ್ನೂ ಕ್ಯಾಸೆಟ್ ಮೇಲೆ ಕ್ಯಾಸೆಟ್ ಬರುತ್ತಲೇ ಇವೆ. ಮನೆ ಅಂದರೆ ನಾಲ್ಕು ಗೋಡೆಯೇ ಇರಬೇಕು ಅಂತ ಇಲ್ಲವೋ ಏನೋ.

ಚರಣ್‌ಜಿತ್ ಸಿಂಗ್ 2015ರಲ್ಲಿ ತೀರಿಕೊಂಡರು. ಅದಕ್ಕೂ ಮೊದಲು, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಯುರೋಪಿನ ವೇದಿಕೆಗಳ ಮೇಲೆ ಅವೇ ರಾಗಗಳನ್ನು ನುಡಿಸಿ ಬಂದರು. ಎದುರಿಗೆ ಇದ್ದವರಲ್ಲಿ ಎಷ್ಟೋ ಜನ ಆ ರೆಕಾರ್ಡ್ ಬಂದಾಗ ಹುಟ್ಟೇ ಇರಲಿಲ್ಲ. ಆ ಸದ್ದಿಗೆ ಕುಣಿಯುವುದು ಹೇಗೆ ಅಂತ ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.